ಎರಡು ದಾರ, ಒಂದು ಗಂಟು

(ಶತಮಾನೋತ್ಸವದ ಅಂಗವಾಗಿ ಯುವಜನರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇಂತಹ ಮಂಗಳ ಸಮಾರಂಭದಲ್ಲಿ ಗಾಳದ ದಾರಕ್ಕೆ ಗಂಟು ಹಾಕುವ ವಿಚಾರವನ್ನು ಎತ್ತಿಕೊಂಡರೆ ಕೆಲವರಿಗೆ ನಗು ಬರಬಹುದು. ಆದರೆ ಶುಭಸಂದೇಶವನ್ನು ಬಲ್ಲವರಿಗೆ ಇದು ಅಪರಿಚಿತ ವಿಷಯವೇನಲ್ಲ. ಯೇಸುಸ್ವಾಮಿ ಕರೆದಾಗ ಜೆಬೆದಾಯನ ಮಕ್ಕಳು ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಪಡಿಸುತ್ತಿದ್ದರು. ಸರಿಪಡಿಸುವುದೆಂದರೆ ಹರಿದ ಕಣ್ಣನ್ನು ಹುಡುಕಿ, ಹಳೆಯ ದಾರಕ್ಕೆ ಹೊಸ ದಾರವನ್ನು ಗಂಟಿಕ್ಕುವುದೇ ಅಲ್ಲವೆ? ದೇವಾಲಯದ ತೆರಿಗೆಗಾಗಿ ಪೇತ್ರರನ್ನು ಸರೋವರಕ್ಕೆ ಕಳುಹಿಸಿದಾಗ ಹೇಳಿದ್ದು ಬಲೆ ಬೀಸಲು ಅಲ್ಲ, ಗಾಳ ಹಾಕಲು; ನಾಲ್ಕು ಶುಭಸಂದೇಶಗಳಲ್ಲಿ ಗಾಳದ ಪ್ರಸ್ತಾಪ ಬರುವುದು ಅದೊಂದೇ ಕಡೆ. ಲೂಕರ 5ನೆಯ ಅಧ್ಯಾಯದಲ್ಲಿ ಮೀನಿನ ಭಾರಕ್ಕೆ ಬಲೆಗಳು ಹರಿಯತೊಡಗುತ್ತವೆ; ಯೊವಾನ್ನರ 21ನೆಯ ಅಧ್ಯಾಯದಲ್ಲಿ 153 ದೊಡ್ಡ ಮೀನುಗಳು ತುಂಬಿದರೂ ಬಲೆ ಹರಿಯಲಿಲ್ಲ. ಅದನ್ನು ಓದಿದ ಬೆಸ್ತನ ಮನಸ್ಸು ಗಂಟುಗಳ ಕಡೆಗೆ ಹರಿದರೆ ಆಶ್ಚರ್ಯವಿಲ್ಲ.

ನಮ್ಮದು ಕಡಲಿಲ್ಲದ ಸೀಮೆ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹಾದು ಹೆಸರಘಟ್ಟದ ಕಡೆಗೆ ಸಾಗುತ್ತದೆ. ಶಿವಗಂಗೆಯಲ್ಲಿ ಹುಟ್ಟಿದ ಕುಮುದ್ವತಿ ನೆಲಮಂಗಲದ ನೆಲವನ್ನು ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡಕೆರೆಯನ್ನು ಮುಟ್ಟುತ್ತದೆ. ಮಳೆ ಕೈಕೊಟ್ಟ ವರ್ಷ ಇವೆಲ್ಲ ಬರಿಯ ಮರಳಿನ ಗೆರೆಗಳು. ಆದುದರಿಂದ ನಮ್ಮ ಮೀನೆಲ್ಲ ಕೆರೆಯ ಮೀನು: ಕಾಟ್ಲಾ, ರೋಹು, ಮೃಗಾಲ್, ಗೆಂಡೆ, ಜಿಲೇಬಿ, ಜೊಂಡಿನೊಳಗೆ ಅಡಗಿ ಕುಳಿತ ಹಲ್ಲುಳ್ಳ ಕೊರವ.

ಹಿಂದೆ ಕೋಲಿನ ತುದಿಯಿಂದ ಗಾಳದವರೆಗೆ ಒಂದೇ ದಾರವಿದ್ದರೆ ಸಾಕಿತ್ತು. ಇಂದಿನ ಅಂಗಡಿಯಲ್ಲಿ ಮೂರು ಜಾತಿಯ ದಾರಗಳಿವೆ. ಮೊದಲನೆಯದು ನೈಲಾನ್. ಅಮೆರಿಕದ ಡ್ಯುಪಾಂಟ್ ಕಂಪನಿ 1938ರಲ್ಲಿ ಲೋಕಕ್ಕೆ ಸಾರಿದ ಈ ವಸ್ತು ಚೆನ್ನಾಗಿ ಹಿಗ್ಗುತ್ತದೆ, ಗಂಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ನೀರನ್ನು ಹೀರಿ ಸ್ವಲ್ಪ ಬಲಗುಂದುತ್ತದೆ, ಬಿಸಿಲಿಗೆ ಹಳಸುತ್ತದೆ. ಎರಡನೆಯದು ಪಾಲಿಎಥಿಲೀನ್ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ಇದು ಬಹು ಸಣ್ಣ, ಬಹು ಬಲ, ಹಿಗ್ಗುವುದಿಲ್ಲವೆಂದೇ ಹೇಳಬಹುದು. ಆದರೆ ಎಣ್ಣೆ ಸವರಿದಂತೆ ನುಣುಪು. ಮೂರನೆಯದು ಫ್ಲೋರೋಕಾರ್ಬನ್. ಜಪಾನಿನ ಕುರೇಹ ಕಂಪನಿ 1971ರಲ್ಲಿ ಹೊರತಂದ ಈ ದಾರ ನೀರಿನೊಳಗೆ ಸುಲಭವಾಗಿ ಕಾಣಿಸದು, ಕಲ್ಲಿಗೆ ಉಜ್ಜಿದರೂ ಬೇಗ ಸವೆಯದು. ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಹೆಣೆದ ದಾರದ್ದು 0.97, ನೈಲಾನಿನದು 1.14, ಫ್ಲೋರೋಕಾರ್ಬನ್ನಿನದು 1.78. ಒಂದು ತೇಲುತ್ತದೆ, ಒಂದು ಮೆಲ್ಲಗೆ ಇಳಿಯುತ್ತದೆ, ಒಂದು ಮುಳುಗುತ್ತದೆ. ರಾಟೆಗೆ ಹೆಣೆದ ದಾರ, ಗಾಳದ ಬಳಿ ನೈಲಾನ್ ಅಥವಾ ಫ್ಲೋರೋಕಾರ್ಬನ್ ಇರಲಿ ಎಂದು ಬಯಸುವುದು ಈ ಕಾರಣದಿಂದ. ಹೀಗೆ ಬಯಸಿದೊಡನೆ ಸ್ವಭಾವ ಬೇರೆಯಾದ ಎರಡು ದಾರಗಳನ್ನು ಕೂಡಿಸುವ ಸಮಸ್ಯೆ ಎದುರಾಗುತ್ತದೆ.

ಗಂಟನ್ನು ಹಿಡಿದಿಡುವುದು ಘರ್ಷಣೆ. ದಾರದ ಮೇಲೆ ದಾರ ಒತ್ತಿ, ಉಜ್ಜಿ ನಿಲ್ಲುವ ಶಕ್ತಿ. ಗಂಟಿನಲ್ಲಿ ದಾರ ಮುರಿದಂತೆ ಬಾಗುವುದರಿಂದ ಅಲ್ಲೇ ಅದು ದುರ್ಬಲವೂ ಹೌದು. ಅವಸರದಲ್ಲಿ ಬಿಗಿದ ಒಂದು ಸಾದಾ ಗಂಟು ದಾರದ ಅರ್ಧದಷ್ಟು ಬಲವನ್ನು ಕಸಿಯಬಲ್ಲದು. ಬಾಗು ಮೃದುವಾಗಿ, ಹಿಡಿತ ಅನೇಕ ಸುತ್ತುಗಳಲ್ಲಿ ಹಂಚಿಹೋದರೆ ಗಂಟು ಬಾಳುತ್ತದೆ.

ಈ ತತ್ವವನ್ನು ದೊಡ್ಡಬಳ್ಳಾಪುರದ ನೇಯ್ಗೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮಗ್ಗದ ಮೇಲೆ ಎಳೆ ತುಂಡಾದಾಗ ಅವರು ಕ್ಷಣಮಾತ್ರದಲ್ಲಿ ಹಾಕುವ ಪುಟ್ಟ ಗಂಟೂ ಬೆಸ್ತನ ಬಲೆಯ ಕಣ್ಣಿನ ಗಂಟೂ ರಚನೆಯಲ್ಲಿ ಒಂದೇ. ಒಂದು ದಾರ ಕುಣಿಕೆಯಂತೆ ಬಾಗಿ ನಿಲ್ಲುತ್ತದೆ. ಇನ್ನೊಂದು ಆ ಕುಣಿಕೆಯೊಳಗಿನಿಂದ ಎದ್ದು, ಅದರ ಎರಡು ಕಾಲುಗಳನ್ನೂ ಬಳಸಿ ಬಂದು, ತನ್ನದೇ ಮೈಯ ಅಡಿಯಲ್ಲಿ ನುಸುಳುತ್ತದೆ. ದಪ್ಪನೆಯದು ಬಾಗಬೇಕು, ಸಣ್ಣದು ಸುತ್ತಬೇಕು ಎಂಬುದು ಅದರ ನಿಯಮ. ಹತ್ತಿ, ರೇಷ್ಮೆಗಳಲ್ಲಿ ಇದು ಭದ್ರ. ನೈಲಾನಿನಲ್ಲಿ ಮಾತ್ರ ಜಾರುತ್ತದೆ. ಆದ್ದರಿಂದಲೇ ನೈಲಾನ್ ಬಲೆಗಳಲ್ಲಿ ಇನ್ನೊಂದು ಸುತ್ತು ಸೇರಿಸಿ ಜೋಡುಗಂಟು ಹಾಕುತ್ತಾರೆ.

ಇನ್ನು ಗಾಳದ ದಾರಕ್ಕೆ ಬರೋಣ. ಮೂರು ಗಂಟುಗಳನ್ನು ಕಲಿತರೆ ನಮ್ಮ ಕೆರೆಗಳಿಗೆ ಧಾರಾಳವಾಯಿತು.

ಒಂದೇ ದಪ್ಪದ ಎರಡು ನೈಲಾನ್ ದಾರಗಳಿಗೆ 'ಬ್ಲಡ್' ಗಂಟು. ಎರಡು ತುದಿಗಳನ್ನು ಎದುರುಬದುರಾಗಿ ಒಂದರ ಮೇಲೊಂದು ಇಟ್ಟು, ಒಂದು ತುದಿಯನ್ನು ಇನ್ನೊಂದು ದಾರಕ್ಕೆ 5 ಸುತ್ತು ಸುತ್ತಿ, ಹಿಂದಕ್ಕೆ ತಂದು ನಡುವಿನ ಸಂದಿಯಲ್ಲಿ ತೂರಿಸಬೇಕು. ಮತ್ತೊಂದು ತುದಿಯನ್ನೂ ಹಾಗೆಯೇ 5 ಸುತ್ತು ಸುತ್ತಿ ಅದೇ ಸಂದಿಯೊಳಗೆ ವಿರುದ್ಧ ದಿಕ್ಕಿನಿಂದ ತೂರಿಸಿ, ಎರಡು ಕಡೆಯ ಉದ್ದ ದಾರಗಳನ್ನು ಎಳೆಯಬೇಕು.

ಹೆಣೆದ ದಾರಕ್ಕೆ ನೈಲಾನ್ ಕೂಡಿಸಲು 'ಡಬಲ್ ಯೂನಿ' ಗಂಟು. ಎರಡು ದಾರಗಳನ್ನು ಒಂದು ಗೇಣಿನಷ್ಟು ಜೊತೆಯಾಗಿ ಮಲಗಿಸಿ. ನೈಲಾನಿನ ತುದಿಯನ್ನು ಹಿಂದಕ್ಕೆ ಬಾಗಿಸಿ ಕುಣಿಕೆ ಮಾಡಿ, ಆ ಕುಣಿಕೆಯೊಳಗೇ ಎರಡು ದಾರಗಳನ್ನೂ ಬಳಸಿ 5 ಸುತ್ತು ಸುತ್ತಿ ಬಿಗಿಯಿರಿ. ಹೆಣೆದ ದಾರದ ತುದಿಯಿಂದ ಆಚೆ ಬದಿಯಲ್ಲಿ ಇದೇ ಕೆಲಸವನ್ನು 8 ಸುತ್ತಿನಲ್ಲಿ ಮಾಡಿ. ನುಣುಪಿನ ದಾರಕ್ಕೆ ಸುತ್ತು ಹೆಚ್ಚು ಬೇಕು. ಬಳಿಕ ಉದ್ದ ದಾರಗಳೆರಡನ್ನೂ ಎಳೆದರೆ ಎರಡು ಗಂಟುಗಳು ಜಾರುತ್ತ ಬಂದು ನಡುವೆ ಒಂದಕ್ಕೊಂದು ಆತು ನಿಲ್ಲುತ್ತವೆ. ಎಳೆದಷ್ಟೂ ಅವು ಒತ್ತಿಕೊಳ್ಳುತ್ತವೆ.

ದಪ್ಪದಲ್ಲಿ ಬಹಳ ಅಂತರವಿದ್ದರೆ 'ಆಲ್‌ಬ್ರೈಟ್' ಗಂಟು. ದಪ್ಪ ದಾರವನ್ನು ಬಾಗಿಸಿ ಕುಣಿಕೆ ಮಾಡಿ. ಸಣ್ಣ ದಾರವನ್ನು ಅದರೊಳಗೆ ಹಾಯಿಸಿ, ಕುಣಿಕೆಯ ಎರಡು ಕಾಲುಗಳನ್ನೂ ತನ್ನ ಮೈಯನ್ನೂ ಒಟ್ಟಾಗಿ ಹಿಡಿದು, ಕುಣಿಕೆಯ ತುದಿಯ ಕಡೆಗೆ 10 ಸುತ್ತು ಒತ್ತಾಗಿ ಸುತ್ತಿ, ಒಳಹೊಕ್ಕ ಬದಿಯಿಂದಲೇ ಹೊರಕ್ಕೆ ತನ್ನಿ. ದಪ್ಪನೆಯದು ಬಾಗುವುದು, ಸಣ್ಣದು ಸುತ್ತುವುದು ಎಂಬ ನೇಯ್ಗೆಯವರ ನಿಯಮವೇ ಇಲ್ಲಿಯೂ ಮರಳಿ ಬಂದಿತು.

ಯಾವ ಗಂಟಾದರೂ ಬಿಗಿಯುವ ಮುನ್ನ ಒದ್ದೆ ಮಾಡಬೇಕು. ಒಣ ದಾರ ಉಜ್ಜಿದಾಗ ಹುಟ್ಟುವ ಬಿಸಿ ಕಣ್ಣಿಗೆ ಕಾಣದೆ ದಾರವನ್ನು ಕೆಡಿಸುತ್ತದೆ. ಜಗ್ಗದೆ, ಒಂದೇ ಸಮನೆ ಎಳೆಯಬೇಕು. ಕೆರೆಗೆ ಇಳಿಸುವ ಮುನ್ನ ಪರೀಕ್ಷಿಸಬೇಕು. ಆದರೆ ಹೆಣೆದ ದಾರವನ್ನು ಬರಿಗೈಗೆ ಸುತ್ತಿಕೊಂಡು ಎಳೆಯಬಾರದು, ಅದು ಬ್ಲೇಡಿನಂತೆ ಬೆರಳನ್ನು ಕೊಯ್ಯುತ್ತದೆ. ಬಟ್ಟೆಯನ್ನೋ ಕಡ್ಡಿಯನ್ನೋ ನಡುವೆ ಇಟ್ಟುಕೊಳ್ಳಿ.

ಈಗ ಯುವಜನರು ವಿಶೇಷವಾಗಿ ಗಮನಿಸಬೇಕಾದ ಮಾತಿಗೆ ಬರುತ್ತೇವೆ. ಎಷ್ಟೇ ಬಲವಾಗಿ ಕಟ್ಟಿದರೂ ದಾರ ಎಂದಾದರೊಂದು ದಿನ ತುಂಡಾಗುವುದು ನಿಶ್ಚಯ. ಪ್ರಶ್ನೆ ಇರುವುದು ಎಲ್ಲಿ ತುಂಡಾಗಬೇಕು ಎಂಬುದರಲ್ಲಿ. ನಡುವಿನ ಗಂಟು ಕಳಚಿದರೆ ಮೀನು ಬಾಯಲ್ಲಿ ಗಾಳವನ್ನೂ ಬೆನ್ನ ಹಿಂದೆ ಮಾರುಗಟ್ಟಲೆ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಜೊಂಡಿಗೆ ಸಿಕ್ಕಿ, ಯಾರ ಊಟಕ್ಕೂ ಆಗದೆ ನರಳಿ ಸಾಯುತ್ತದೆ. ಗಾಳದ ಬಳಿಯ ದಾರ ರಾಟೆಯ ದಾರಕ್ಕಿಂತ ಕಡಿಮೆ ಬಲದ್ದಾಗಿದ್ದು, ಕೂಡಿಸಿದ ಗಂಟು ಗಟ್ಟಿಯಾಗಿದ್ದರೆ, ತುಂಡಾಗುವುದು ಗಾಳದ ಸಮೀಪದಲ್ಲೇ. ಮೀನಿಗೆ ಬದುಕುವ ಅವಕಾಶ ಉಳಿಯುತ್ತದೆ, ದಾರ ನಮ್ಮ ಕೈಗೆ ಮರಳುತ್ತದೆ. ಆದ್ದರಿಂದ ಗಟ್ಟಿ ಗಂಟನ್ನು ಕಲಿಯುವುದು ದೊಡ್ಡ ಮೀನು ಹಿಡಿದ ಹೆಮ್ಮೆಗಾಗಿ ಮಾತ್ರವಲ್ಲ. ತಪ್ಪಿಸಿಕೊಂಡ ಮೀನಿನ ಮೇಲಿನ ಕರುಣೆಗಾಗಿಯೂ ಹೌದು.

ಕತ್ತರಿಸಿ ಎಸೆದ ತುಂಡುಗಳ ವಿಷಯವೂ ಇದೇ. ಹತ್ತಿಯ ದಾರ ಕೆಸರಿನಲ್ಲಿ ಕೊಳೆತು ಮಣ್ಣಾಗುತ್ತಿತ್ತು. ಈ ದಾರಗಳು ನಮ್ಮ ತಲೆಮಾರು ಕಳೆದರೂ ಕೊಳೆಯುವುದಿಲ್ಲ. ನೀರುಹಕ್ಕಿಗಳ ಕಾಲಿಗೆ, ಏರಿಯ ಮೇಲೆ ಮೇಯುವ ದನಕರುಗಳ ಗೊರಸಿಗೆ ಸುತ್ತಿಕೊಂಡು ಮಾಂಸಕ್ಕೆ ಇಳಿಯುತ್ತವೆ. ಅವುಗಳಿಗೆ ಗಂಟು ಬಿಚ್ಚುವ ಕೈಗಳಿಲ್ಲ.

ಕೊನೆಯದಾಗಿ ಕೆಲವು ವಿನಂತಿಗಳು. ಅನೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆದಾರರಿಗೋ ಮೀನುಗಾರರ ಸಹಕಾರ ಸಂಘಕ್ಕೋ ಸೇರಿರುತ್ತದೆ. ಅದು ಅವರ ಅನ್ನ. ಕೇಳದೆ ಗಾಳ ಹಾಕಬೇಡಿ. ಮಣ್ಣು ತೆಗೆದ ಕೆರೆಗಳಲ್ಲಿ ನೀರಿನಡಿ ಆಳವಾದ ಗುಂಡಿಗಳಿರುತ್ತವೆ; ಸಿಕ್ಕಿಕೊಂಡ ಗಾಳಕ್ಕಾಗಿ ನೀರಿಗಿಳಿಯಬೇಡಿ, ದಾರವನ್ನು ಕಳೆದುಕೊಳ್ಳಿರಿ. ಹಾಗೂ ಒಂದು ಹಳೆಯ ಡಬ್ಬಿಯನ್ನು ಜೊತೆಗಿಟ್ಟುಕೊಂಡು, ಕತ್ತರಿಸಿದ ಪ್ರತಿ ತುಂಡನ್ನೂ ಅದರಲ್ಲಿ ಹಾಕಿ ಮನೆಗೆ ತನ್ನಿ. ಮೀನು ಸಿಕ್ಕದ ದಿನವೂ ಆ ಡಬ್ಬಿ ಬರಿದಾಗಿರಬಾರದು; ಬೇರೆಯವರು ಬಿಟ್ಟುಹೋದ ದಾರವಾದರೂ ಅದರಲ್ಲಿರಲಿ.