ಹಿಮ ಎಲ್ಲಿ ಬೀಳಬೇಕು?



ಅಮೆರಿಕದ ಬಫಲೋ ನಗರ ಈರಿ ಸರೋವರದ ದಂಡೆಯಲ್ಲಿದೆ. ಚಳಿಗಾಲದ ಗಾಳಿ ಸರೋವರದ ತೇವ ಹೊತ್ತು ತಂದು ಊರಿನ ಮೇಲೆ ಹಿಮವಾಗಿ ಸುರಿಸುತ್ತದೆ. ಒಂದೇ ರಾತ್ರಿಯಲ್ಲಿ ಮೊಣಕಾಲೆತ್ತರ ಬಿದ್ದರೂ ಅಲ್ಲಿನವರಿಗೆ ಅಚ್ಚರಿಯಿಲ್ಲ. ಬೆಳಗ್ಗೆ ಕಾರು ಹೊರಡಬೇಕಾದರೆ ಮನೆಯಿಂದ ರಸ್ತೆಯವರೆಗಿನ ದಾರಿ ತೆರವಾಗಬೇಕು.

ಈಗ ಹಲವರು ಇದಕ್ಕೆ ಬ್ಯಾಟರಿ ಯಂತ್ರ ಬಳಸುತ್ತಾರೆ. ಹೊಗೆಯಿಲ್ಲ, ಸದ್ದೂ ಕಡಿಮೆ. ಮುಂದೆ ತಿರುಗುವ ಸುರುಳಿ ಅಲಗು ಹಿಮವನ್ನು ಬಾಚಿಕೊಳ್ಳುತ್ತದೆ. ಮೇಲಿನ ಕೊಳವೆ ಅದನ್ನು ದೂರಕ್ಕೆ ಚಿಮ್ಮಿಸುತ್ತದೆ. ಆ ಕೊಳವೆಯನ್ನು ಬೇಕಾದ ಕಡೆ ತಿರುಗಿಸಬಹುದು.

ತಿಳಿದವರು ಗುಂಡಿ ಒತ್ತುವ ಮೊದಲು ಗಾಳಿಯ ದಿಕ್ಕು ನೋಡುತ್ತಾರೆ. ಗಾಳಿಗೆ ಎದುರಾಗಿ ಎಸೆದರೆ ಹಿಮ ತಮ್ಮ ಮುಖಕ್ಕೇ ಬರುತ್ತದೆ. ರಸ್ತೆಗೆ ಎಸೆದರೆ ವಾಹನಗಳಿಗೆ ಅಪಾಯ. ಪಕ್ಕದ ಮನೆಯತ್ತ ಎಸೆದರೆ ಅವರು ಮತ್ತೆ ಬಾಚಬೇಕು. ಹಾಗಾಗಿ ಕೊಳವೆ ತಮ್ಮದೇ ಅಂಗಳದ ಹುಲ್ಲಿನತ್ತ ತಿರುಗುತ್ತದೆ.

ಮನಸ್ಸಿನ ಭಾರವನ್ನೂ ನಾವು ದಿನಾ ಎಲ್ಲೋ ಇಳಿಸುತ್ತೇವೆ. ಕಚೇರಿಯ ಸಿಟ್ಟು ಮನೆಯವರ ಮೇಲೆ, ಮನೆಯ ಬೇಸರ ಬಸ್ ಕಂಡಕ್ಟರ್ ಮೇಲೆ. ನಮಗೆ ಹಗುರವಾಯಿತು, ನಿಜ. ಆದರೆ ಅದು ಇನ್ನೊಬ್ಬರ ದಾರಿಗೆ ಅಡ್ಡ ಬಿತ್ತು. ಇಂದು ಬಿರುಸಾಗಿ ಮಾತಾಡುವ ಮೊದಲು, ಆ ಮಾತು ಯಾರ ಮೇಲೆ ಬೀಳುತ್ತದೆ ಎಂದು ಒಮ್ಮೆ ನೋಡಿಕೊಳ್ಳೋಣ.