ಹೆಮ್ಮಿಗೆಗೆ ಬಂದ ಅತಿಥಿಗಳು



ಕಾರ್ತಿಕ ಕಳೆದ ವಾರ ಹೆಮ್ಮಿಗೆಯ ಗದ್ದೆಬಯಲಲ್ಲಿ ಮಂಜು ಸರಿಯುತ್ತಲೇ ಏಳೆಂಟು ಬೂದು ಹಕ್ಕಿಗಳು ಕಂಡವು. ಬಿಳಿ ತಲೆ, ಹಿಂದಲೆಗೆ ಎರಡು ಕಪ್ಪು ಪಟ್ಟೆ. ರೈತರೊಬ್ಬರು ಬಂದು, "ಬುದ್ಧಿ, ಎಂದೂ ಕಾಣದ ಹಕ್ಕಿ ಗದ್ದೆಗಿಳಿದಿದೆ. ಶಾಂತಿ ಮಾಡಿಸಬೇಕೇ?" ಎಂದು ಕೇಳಿದರು. ಇಷ್ಟಲಿಂಗ ಧರಿಸಿದವರಿಗೆ ಶಕುನದ ಭಯವೇ!

ಅವು ಪಟ್ಟೆತಲೆ ಹೆಬ್ಬಾತುಗಳು. ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟಿ ಬರುತ್ತವೆ. ನಮ್ಮ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಚಳಿಗಾಲದಲ್ಲಿ ಅವುಗಳ ನೆಲೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳೂ ಕರ್ನಾಟಕದಲ್ಲಿ ಕಂಡಿವೆ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಹೊಲಗದ್ದೆಗಳಲ್ಲಿ ಮೇವು. ಶಾಂತಿಗೆ ಎತ್ತಿಟ್ಟ ದುಡ್ಡಿದ್ದರೆ ನಿಮ್ಮೂರ ಕೆರೆಯ ಹೂಳು ತೆಗೆಸಿ.

ಮೇಯುವಾಗ ಪೈರಿಗೆ ಒಂದಿಷ್ಟು ಪೆಟ್ಟು ಬೀಳುತ್ತದೆ. ರೈತರ ಗೊಣಗಾಟ ಸುಳ್ಳಲ್ಲ. ಆದರೂ ಪಟಾಕಿ ಸಿಡಿಸಬೇಡಿ. ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನವರು ಮನೆಯಂಗಳದ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಗೂಡು ಕಟ್ಟಲು ಬಿಟ್ಟು ಬಾಳುತ್ತಿದ್ದಾರೆ. ಮಾರ್ಚ್ ಹೊತ್ತಿಗೆ ಈ ಹೆಬ್ಬಾತುಗಳು ಹೊರಟುಬಿಡುತ್ತವೆ. ಅಷ್ಟರೊಳಗೆ ಮಕ್ಕಳನ್ನು ಒಂದು ಬೆಳಿಗ್ಗೆ ಹದಿನಾರಿಗೆ ಕರೆದುಕೊಂಡು ಹೋಗಿ. ದೂರದಲ್ಲೇ ನಿಂತು ತೋರಿಸಿ.