ಒಬ್ಬರೇ ನಡೆಸುವ ದೋಣಿ

(ಫ್ರಿಸ್ಕೋದಲ್ಲಿ ನಡೆದ ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚಿನ ಭಾಷಣ ಚಿಕ್ಕದಾಗಿರಬೇಕೆಂದು ಸಮಿತಿಯವರು ಎಚ್ಚರಿಸಿದ್ದಾರೆ. ಬಿಸಿಬೇಳೆ ಭಾತಿನ ಪರಿಮಳವೂ ಅದನ್ನೇ ಹೇಳುತ್ತಿದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ. ಇಲ್ಲಿ ‘ನಾವು’ ಎಂದರೆ ಮಕ್ಕಳನ್ನು ಹಾಯಿದೋಣಿ ಕಲಿಯಲು ಕಳುಹಿಸುತ್ತಿರುವ ಈ ಊರಿನ ಕೆಲವು ಕನ್ನಡ ಕುಟುಂಬಗಳು. ಒಬ್ಬೊಬ್ಬರೇ ಪುಟ್ಟ ದೋಣಿ ನಡೆಸುವ ಪಂದ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕೇಳಿದ್ದಾರೆ.

ಫ್ರಿಸ್ಕೋಗೂ ದೋಣಿಗೂ ಎಲ್ಲಿಯ ಸಂಬಂಧ ಎಂದು ತಾವು ಕೇಳಬಹುದು. ಸಮುದ್ರ ಇಲ್ಲಿಂದ ಸುಮಾರು ಐದು ಗಂಟೆಯ ಕಾರಿನ ಹಾದಿ. ಆದರೆ ನಮ್ಮ ಊರಿನ ಪಶ್ಚಿಮಕ್ಕೇ ಲೂಯಿಸ್‌ವಿಲ್ ಕೆರೆ ಇದೆ. ಟ್ರಿನಿಟಿ ನದಿಯ ಒಂದು ಕವಲಿಗೆ 1950ರ ದಶಕದಲ್ಲಿ ಅಣೆಕಟ್ಟು ಕಟ್ಟಿದಾಗ ಈಗಿನ ರೂಪಕ್ಕೆ ಬಂದ ಕೆರೆ ಅದು. ಡಾಲಸ್ ನಗರದೊಳಗಿನ ವೈಟ್ ರಾಕ್ ಕೆರೆಯಲ್ಲಿ 1939ರಲ್ಲೇ ಕೊರಿಂಥಿಯನ್ ಸೈಲಿಂಗ್ ಕ್ಲಬ್ ಹುಟ್ಟಿತು. ಆಸ್ಟಿನ್‌ನವರಿಗೆ ಟ್ರಾವಿಸ್ ಕೆರೆ ಇದೆ. ಹ್ಯೂಸ್ಟನ್‌ನವರಂತೂ ಪುಣ್ಯವಂತರು, ಅವರಿಗೆ ಗ್ಯಾಲ್ವೆಸ್ಟನ್ ಕೊಲ್ಲಿಯೇ ಇದೆ. ಟೆಕ್ಸಾಸ್ ಸೈಲಿಂಗ್ ಅಸೋಸಿಯೇಷನ್ನಿನ ಯುವಜನರ ಪಂದ್ಯಸರಣಿ ಈ ಮೂರೂ ಕಡೆ ಸುತ್ತುತ್ತದೆ. ಯುಗಾದಿ, ರಾಜ್ಯೋತ್ಸವಗಳಿಗೆ ನಾವು ಓಡಾಡುವ ಹೆದ್ದಾರಿಗಳಲ್ಲೇ ದೋಣಿ ಹೇರಿಕೊಂಡ ಗಾಡಿಗಳೂ ಓಡಾಡುತ್ತವೆ.

ಮಕ್ಕಳ ದೋಣಿಯ ಹೆಸರು ‘ಆಪ್ಟಿಮಿಸ್ಟ್’, ಅಂದರೆ ಆಶಾವಾದಿ. 1947ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನ ಕ್ಲಾರ್ಕ್ ಮಿಲ್ಸ್ ಎಂಬವರು, ಬಡಮಕ್ಕಳ ತಂದೆಯೂ ಪ್ಲೈವುಡ್ ತಂದು ಮನೆಯಲ್ಲೇ ಕಟ್ಟಿಕೊಡಬಹುದಾದ ದೋಣಿಯಾಗಿ ಇದನ್ನು ರೂಪಿಸಿದರು. ಉದ್ದ ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು, ತೂಕ 35 ಕಿಲೋ. ನೋಡಲು ನಮ್ಮ ಅಜ್ಜಿಯರ ಸ್ನಾನದ ತೊಟ್ಟಿಗೆ ಹಾಯಿ ಕಟ್ಟಿದಂತಿರುತ್ತದೆ! 15 ವರ್ಷದವರೆಗಿನ ಮಕ್ಕಳು ಇದರಲ್ಲಿ ಪಂದ್ಯಕ್ಕಿಳಿಯುತ್ತಾರೆ. ಮುಂದೆ ದೊಡ್ಡವರಾದಾಗ ‘ಲೇಸರ್’ ಎಂಬ ದೋಣಿ. ಅದೂ ಒಬ್ಬರದೇ. 1996ರಿಂದ ಒಲಿಂಪಿಕ್ಸ್‌ನಲ್ಲಿದೆ.

ಇನ್ನು ಪಂದ್ಯ. ಓಟದ ಪಂದ್ಯದಂತೆ ಇಲ್ಲಿ ಗೆರೆಯ ಮೇಲೆ ಸುಮ್ಮನೆ ನಿಲ್ಲಲಾಗದು. ಗಾಳಿ ನಿಲ್ಲಬೇಕಲ್ಲ! ಐದು ನಿಮಿಷ ಮುಂಚೆ ಒಂದು ಬಾವುಟ ಏರುತ್ತದೆ, ನಾಲ್ಕು ನಿಮಿಷಕ್ಕೆ ಇನ್ನೊಂದು. ಒಂದು ನಿಮಿಷ ಉಳಿದಾಗ ಎರಡನೆಯದು ಇಳಿಯುತ್ತದೆ. ಅಷ್ಟು ಹೊತ್ತೂ ಮೂವತ್ತು ನಲವತ್ತು ದೋಣಿಗಳು ಒಂದಕ್ಕೊಂದು ತಾಗದೆ ಅಲ್ಲೇ ಸುಳಿದಾಡುತ್ತಿದ್ದು, ಸರಿಯಾದ ಕ್ಷಣಕ್ಕೆ ಗೆರೆ ದಾಟಬೇಕು. ಮೊದಲ ಗುರುತು ಗಾಳಿ ಬರುವ ದಿಕ್ಕಿನಲ್ಲೇ ಇರುತ್ತದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗದು. ಆಗುಂಬೆ ಘಾಟಿ ಹತ್ತುವ ಬಸ್ಸಿನಂತೆ ತಿರುವು ತಿರುವಾಗಿ ಹತ್ತಬೇಕು. ಎಡಕ್ಕೆ ಹೋಗಲೋ ಬಲಕ್ಕೋ, ಈಗ ತಿರುಗಲೋ ಇನ್ನೂ ಸ್ವಲ್ಪ ಕಾಯಲೋ, ನೀರಿನ ಮೇಲೆ ಅಗೋ ಅಲ್ಲಿ ಕಪ್ಪಾಗಿ ಕಾಣುತ್ತಿರುವುದು ಬರುವ ಗಾಳಿಯೋ ಬರೀ ಮೋಡದ ನೆರಳೋ? ನಿಮಿಷಕ್ಕೊಂದು ತೀರ್ಮಾನ. ಅಷ್ಟನ್ನೂ ಆ ಹತ್ತು ವರ್ಷದ ಕೂಸೇ ಮಾಡಬೇಕು. ‘ಗಾಳಿ ಬಂದಾಗ ತೂರಿಕೋ’ ಎಂದು ನಮ್ಮ ಹಿರಿಯರು ಸುಲಭವಾಗಿ ಹೇಳಿಬಿಟ್ಟರು. ಗಾಳಿ ಬರುವುದು ಗೊತ್ತಾಗುವುದೇ ಒಂದು ವಿದ್ಯೆ ಎಂದು ನಾವು ಈಗ ಕಲಿಯುತ್ತಿದ್ದೇವೆ.

ಗ್ಯಾಲ್ವೆಸ್ಟನ್ ಕೊಲ್ಲಿ ಕೆರೆಯಂತಲ್ಲ. ಸುಮಾರು 600 ಚದರ ಮೈಲಿ ವಿಸ್ತಾರವಿದ್ದರೂ ಬಹುಪಾಲು ಕಡೆ ಆಳ ಎರಡು ಮೂರು ಮೀಟರು ಮಾತ್ರ. ಆಳ ಕಡಿಮೆಯಾದ್ದರಿಂದಲೇ ಗಾಳಿ ಎದ್ದೊಡನೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಬಡಿಯುತ್ತವೆ. ನಡುವೆ ಹ್ಯೂಸ್ಟನ್ ಬಂದರಿನ ಹಡಗುಗಳ ಕಾಲುವೆ ಇದೆ. ಅಲ್ಲಿ ಎಣ್ಣೆ ಹಡಗಿಗೆ ದಾರಿ ಬಿಡಬೇಕಾದ್ದು ಪುಟ್ಟ ದೋಣಿಯೇ. ಮಕ್ಕಳ ಪಂದ್ಯವನ್ನು ಆ ಕಾಲುವೆಯಿಂದ ದೂರ, ದಡದ ಹತ್ತಿರವೇ ನಡೆಸುತ್ತಾರೆ. ರಕ್ಷಣೆಯ ಮೋಟಾರು ದೋಣಿಗಳೂ ಸುತ್ತುತ್ತಿರುತ್ತವೆ.

ಆದರೂ ದಡದಲ್ಲಿ ನಿಂತವರ ಪಾಡು ಕೇಳಬೇಡಿ. ಹಾಸನದಿಂದ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗಳ ದೋಣಿ ಅತ್ತ ಸಾಗುತ್ತಲೇ, ‘ಅಯ್ಯೋ, ಕೂಸನ್ನ ಒಂಟಿಯಾಗಿ ನೀರಿಗೆ ಬಿಟ್ಬಿಟ್ರಲ್ಲೋ!’ ಎಂದು ಕಣ್ಣೀರು ಹಾಕಿದರು. ಅವರದು ತಪ್ಪಲ್ಲ. ನಮ್ಮಲ್ಲಿ ಎಷ್ಟೋ ಮಂದಿ ‘ಕೆರೆ ಕಡೆ ಹೋಗಬೇಡ, ಬಾವಿ ಬಗ್ಗಬೇಡ’ ಎಂಬ ಮಾತು ಕೇಳಿಯೇ ಬೆಳೆದವರು. ಅಂದು ಆ ಮಗುವಿನ ದೋಣಿ ಮಗುಚಿಯೂ ಮಗುಚಿತು. ನಾವು ಎಲ್ಲರೂ ದಡದಿಂದ ಒಟ್ಟಿಗೆ ಕೂಗಿದೆವು. ಅವಳು ದೋಣಿಯ ನಡುವಿನ ಹಲಗೆಯ ಮೇಲೆ ಭಾರ ಹಾಕಿ ಅದನ್ನು ಎತ್ತಿ ನಿಲ್ಲಿಸಿದಳು, ಹತ್ತಿ ಕುಳಿತಳು, ಪಾತ್ರೆಯಿಂದ ನೀರು ಮೊಗೆದು ಚೆಲ್ಲಿದಳು, ಹೊರಟಳು. ಬಂದ ಮೇಲೆ, ‘ಅಪ್ಪಾ, ನೀವು ಕೂಗಿದ್ದು ಒಂದೂ ಕೇಳಿಸಲಿಲ್ಲ’ ಎಂದಳು. ಅಜ್ಜಿ ಅವಳ ತಲೆ ಒರೆಸುತ್ತಾ, ‘ಕೇಳಿಸದೇ ಇದ್ದದ್ದೇ ಒಳ್ಳೇದಾಯ್ತು ಬಿಡು, ಇವರಿಗೇನು ಗೊತ್ತು’ ಎಂದರು.

ಕೇಳಿಸಿದ್ದರೂ ಉಪಯೋಗವಿರಲಿಲ್ಲ. ಪಂದ್ಯ ನಡೆಯುವಾಗ ಹೊರಗಿನವರಿಂದ ಸಹಾಯ, ಸಲಹೆ ಪಡೆಯಬಾರದೆಂಬುದು ನಿಯಮ. ಹೊಸಬರ ಗುಂಪಿಗೆ ಮಾತ್ರ ಸ್ವಲ್ಪ ಸಡಿಲಿಕೆಯುಂಟು. ಇನ್ನೂ ಒಂದು ವಿಶೇಷವಿದೆ. ಇಂಥ ಪಂದ್ಯಗಳಲ್ಲಿ ಸಾಮಾನ್ಯವಾಗಿ ಪ್ರತಿ ತಪ್ಪಿಗೂ ಸೀಟಿ ಊದುವ ಅಂಪೈರ್ ಇರುವುದಿಲ್ಲ. ದಾರಿ ಬಿಡಬೇಕಾದಲ್ಲಿ ಬಿಡದೆ ಹೋದರೆ, ತಾನೇ ಪಕ್ಕಕ್ಕೆ ಸರಿದು, ದೋಣಿಯನ್ನು ಎರಡು ಸುತ್ತು ತಿರುಗಿಸಿ, ಹಿಂದೆ ಬಿದ್ದು, ಮತ್ತೆ ಮುಂದುವರಿಯಬೇಕು. ಯಾರೂ ನೋಡದಿದ್ದರೂ ಅಷ್ಟೇ. ನಾವು ಭಾನುವಾರದ ಬಾಲವಿಹಾರಗಳಲ್ಲಿ ಹೇಳಿಕೊಡುವ ಸತ್ಯದ ಪಾಠವನ್ನು ಮಕ್ಕಳು ಇಲ್ಲಿ ಒದ್ದೆ ಬಟ್ಟೆಯಲ್ಲಿ ಕಲಿಯುತ್ತಾರೆ.

ಒಂಟಿಯಾಗಿ ಆಡುವ ಆಟ ಮಕ್ಕಳನ್ನು ಸ್ವಾರ್ಥಿಗಳನ್ನಾಗಿ ಮಾಡದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಅವರಿಗೆ ನಾವು ಒಂದು ಕಥೆ ಹೇಳಿದೆವು. 1988ರ ಸೋಲ್ ಒಲಿಂಪಿಕ್ಸ್. ಹಾಯಿದೋಣಿ ಪಂದ್ಯಗಳು ನಡೆದದ್ದು ಪೂಸಾನ್ ತೀರದಲ್ಲಿ. ಸೆಪ್ಟೆಂಬರ್ 24ರಂದು ಕೆನಡಾದ ಲಾರೆನ್ಸ್ ಲೆಮ್ಯೂ ಒಬ್ಬರೇ ನಡೆಸುವ ‘ಫಿನ್’ ದೋಣಿಯಲ್ಲಿ ಎರಡನೇ ಸ್ಥಾನದಲ್ಲಿದ್ದರು. ಗಾಳಿ ಹುಚ್ಚೆದ್ದಿತ್ತು. ಪಕ್ಕದಲ್ಲಿ ಬೇರೊಂದು ಪಂದ್ಯ ನಡೆಯುತ್ತಿತ್ತು. ಅದರಲ್ಲಿ ಸಿಂಗಪುರದ ಇಬ್ಬರ ದೋಣಿ ಮಗುಚಿತ್ತು. ಲೆಮ್ಯೂ ತಮ್ಮ ಪಂದ್ಯ ಬಿಟ್ಟು ಅತ್ತ ತಿರುಗಿದರು. ಇಬ್ಬರನ್ನೂ ನೀರಿನಿಂದ ಎಳೆದುಕೊಂಡು, ರಕ್ಷಣಾ ದೋಣಿ ಬರುವವರೆಗೆ ಕಾದು, ಆಮೇಲೆ ಪಂದ್ಯ ಮುಗಿಸಿದರು. ಬಂದದ್ದು 22ನೆಯವರಾಗಿ. ತೀರ್ಪುಗಾರರು ಅವರಿಗೆ ಆ ಪಂದ್ಯದ ಎರಡನೇ ಸ್ಥಾನವನ್ನೇ ಕೊಟ್ಟರು. ಒಟ್ಟು ಲೆಕ್ಕದಲ್ಲಿ 11ನೇ ಸ್ಥಾನ, ಪದಕವಿಲ್ಲ. ಆದರೆ ಒಲಿಂಪಿಕ್ ಸಮಿತಿ ಅವರಿಗೆ ಕೂಬರ್ತಾಂ ಪದಕವಿತ್ತು ಗೌರವಿಸಿತು. ಅಪಾಯದಲ್ಲಿರುವವರಿಗೆ ನೆರವಾಗುವುದು ಈ ಆಟದ ನಿಯಮಪುಸ್ತಕದ ಮೊಟ್ಟಮೊದಲ ನಿಯಮ. ಅಂದಹಾಗೆ, ಲೆಮ್ಯೂ ಅವರ ಊರು ಎಡ್ಮಂಟನ್‌ಗೂ ಸಮುದ್ರವಿಲ್ಲ!

ನಮ್ಮ ದೇಶದ ಮಾತಿಗೆ ಬಂದರೆ, ಮಧ್ಯಪ್ರದೇಶದ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಕಲಿತು, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ಬೆಳ್ಳಿ ಗೆದ್ದಳು. ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಹಾಯಿದೋಣಿಗಳನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ನೌಕಾಪಡೆಯ ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿ ಬಂದ ದೋಣಿಯ ಹೆಸರು ‘ಮ್ಹಾದೇಯಿ’. ಅದು ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ. ದೋಣಿ ನಮಗೇನೂ ಹೊರಗಿನದಲ್ಲ. ಹನ್ನೆರಡನೇ ಶತಮಾನದಲ್ಲೇ ಅಂಬಿಗರ ಚೌಡಯ್ಯ ಎಂಬ ವಚನಕಾರ ನಮ್ಮಲ್ಲಿದ್ದ.

ಬಂಧುಗಳೇ, ನಾವು ಹೇಳಬೇಕಾದ್ದು ಇಷ್ಟೇ. ನಮ್ಮಲ್ಲಿ ಬಹುಮಂದಿ ಎರಡು ಸೂಟ್‌ಕೇಸು ಹಿಡಿದು ಒಬ್ಬರೇ ವಿಮಾನ ಹತ್ತಿ ಬಂದವರು. ಅಂದು ತಂದೆತಾಯಿಗಳು ಕಣ್ಣೊರೆಸಿಕೊಂಡು ನಮ್ಮ ಕೈ ಬಿಟ್ಟರು. ಹಾಗೆ ಬಂದ ನಾವು ಇಂದು ಮಕ್ಕಳ ಶಾಲೆ, ಸ್ನೇಹ, ಸ್ಪೆಲಿಂಗ್ ಸ್ಪರ್ಧೆ, ಕಾಲೇಜು ಎಲ್ಲದರ ಚುಕ್ಕಾಣಿಯನ್ನೂ ನಮ್ಮ ಕೈಯಲ್ಲೇ ಹಿಡಿದಿದ್ದೇವೆ. ವಾರಕ್ಕೆ ಒಂದು ಗಂಟೆಯಾದರೂ ಅದನ್ನು ಅವರ ಕೈಗೆ ಕೊಡೋಣ.

ಕೊಡುವ ಮುನ್ನ ಮಾಡಬೇಕಾದ ಕೆಲಸಗಳುಂಟು. ಮೊದಲು ಈಜು, ಆಮೇಲೆ ದೋಣಿ. ಟೆಕ್ಸಾಸ್ ಕಾನೂನಿನಂತೆ ಚಿಕ್ಕ ದೋಣಿ ಸಾಗುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಜೀವರಕ್ಷಕ ಜಾಕೆಟ್ ತೊಟ್ಟಿರಲೇಬೇಕು. ದೊಡ್ಡವರೂ ತೊಡಲಿ. ಬೇಸಿಗೆಯಲ್ಲಿ ನಮ್ಮ ಕೆರೆಗಳಿಂದ ಬರುವ ದುಃಖದ ಸುದ್ದಿಗಳನ್ನು ತಾವೂ ಕೇಳಿದ್ದೀರಿ. ಮಕ್ಕಳ ಜೊತೆ ತಾಯಂದಿರೂ ಈಜು ಕಲಿಯಲು ಸಂಘದ ವತಿಯಿಂದ ಒಂದು ತರಗತಿ ಏರ್ಪಾಡಾದರೆ, ಅದು ಈ ವರ್ಷದ ಒಳ್ಳೆಯ ಕಾರ್ಯಕ್ರಮವಾದೀತು. ಹೆಸರು ಬರೆಸಲು ನಾವು ಊಟದ ಸಾಲಿನ ಪಕ್ಕದಲ್ಲೇ ನಿಂತಿರುತ್ತೇವೆ.

ಸಿರಿಗನ್ನಡಂ ಗೆಲ್ಗೆ.